300 ಮೀಟರ್ ಆಚೆಗೂ ನಡು ತೋರಿಸುವ ಲೇಸರ್: ಉಂಗುರದ ಕಿರಣ ಕಟ್ಟುವ ಸಮಗ್ರ ಮಾರ್ಗದರ್ಶಿ

ಸಿಂಧನೂರಿನ ಕಡೆ ಒಂದು ಎರೆ ಹೊಲ. ಸೋಲಾರ್ ಪ್ಯಾನೆಲ್ ಕೂರಿಸಲು ಕಂಬ ನೆಡುವ ಕೆಲಸ ನಡೆದಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಒಂದು ತುದಿಯಲ್ಲಿ ಲೇಸರ್ ಇಟ್ಟು, 300 ಮೀಟರ್ ಆಚೆಯ ಕಂಬದ ತಲೆಗೆ ನಾನೇ ಗುರುತು ಹಾಕಿಸಿದೆ. ಕಿರಣ ಚೊಕ್ಕವಾಗಿತ್ತು. ಕಪ್ಪು ಡಬ್ಬಿಯೊಳಗಿನ ಪರದೆ ಮೇಲೆ ಹಳೇ ರೂಪಾಯಿ ನಾಣ್ಯದಷ್ಟು ಚುಕ್ಕೆ ಕಾಣುತ್ತಿತ್ತು. ಮರುದಿನ ಬೆಳಿಗ್ಗೆ ಅದೇ ಲೇಸರ್ ಅಲ್ಲೇ ಇಟ್ಟು ನೋಡಿದರೆ, ಗುರುತು ಸುಮಾರು ಎರಡೂವರೆ ಬೆರಳು ಮೇಲಿತ್ತು. ಕಂಬ ಅಲುಗಾಡಿರಲಿಲ್ಲ, ಲೇಸರ್ ಸ್ಟ್ಯಾಂಡೂ ಅಲುಗಾಡಿರಲಿಲ್ಲ. ಮಧ್ಯಾಹ್ನದ ಕಾದ ಗಾಳಿ ಕಿರಣವನ್ನೇ ಬಾಗಿಸಿತ್ತು.

ಆ ದಿನದಿಂದ ದೂರದ ಲೇಸರ್ ಕೆಲಸವನ್ನು ನಾನು ಎರಡು ಪ್ರಶ್ನೆಯಾಗಿ ನೋಡುತ್ತೇನೆ. ಒಂದು, ಚುಕ್ಕೆಯ ನಡು ಎಲ್ಲಿದೆ? ಇದಕ್ಕೆ ಮಸೂರಗಳು ಉತ್ತರ ಕೊಡುತ್ತವೆ. ಎರಡು, ಕಿರಣ ನೆಟ್ಟಗೆ ಬಂದಿದೆಯಾ? ಇದಕ್ಕೆ ಗಾಳಿ ಮಾತ್ರ ಉತ್ತರ ಕೊಡುತ್ತದೆ. ಹೆಚ್ಚಿನವರು ಮೊದಲನೆಯದಕ್ಕೆ ದುಡ್ಡು ಸುರಿದು ಎರಡನೆಯದನ್ನು ಮರೆಯುತ್ತಾರೆ. ಈ ಬರಹದಲ್ಲಿ ಎರಡೂ ಇವೆ. ಉಂಗುರದ ಕಿರಣ ಅಂದರೆ ನಡುವೆ ಗಟ್ಟಿ ಚುಕ್ಕೆ, ಸುತ್ತ ಉಂಗುರಗಳು ಮೂಡಿಸುವ ಕಿರಣ; ಅದು ಮೊದಲ ಪ್ರಶ್ನೆಗೆ ಉತ್ತರ.

ಮೊದಲು ಕಣ್ಣು

ಲೇಸರ್ ಕೊಳ್ಳುವಾಗ ಕ್ಲಾಸ್ 2 ಅಂತ ಬರೆದಿರುವುದನ್ನೇ ತೆಗೆದುಕೊಳ್ಳಿ. ಅಂದರೆ ಕಣ್ಣಿಗೆ ಕಾಣುವ ಬೆಳಕು, 1 ಮಿಲಿವ್ಯಾಟ್ ಒಳಗೆ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ತಾನೇ ಮುಚ್ಚುತ್ತದೆ, ಅಷ್ಟರಲ್ಲಿ ಹಾನಿ ಆಗುವುದಿಲ್ಲ ಎಂಬ ಲೆಕ್ಕದ ಮೇಲೆ ಆ ಮಿತಿ ಇಟ್ಟಿದ್ದಾರೆ. ಸಂತೆಯಲ್ಲಿ ಸಿಗುವ ಅಗ್ಗದ ಹಸಿರು ಪಾಯಿಂಟರ್ ಬೇಡವೇ ಬೇಡ. ಅವುಗಳಲ್ಲಿ ಬಹಳಷ್ಟು ಲೇಬಲ್‌ಗಿಂತ ಜಾಸ್ತಿ ಶಕ್ತಿ ಉಗುಳುತ್ತವೆ. ಹಳೇ ಮಾದರಿಯವು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನೂ ಜೊತೆಗೆ ಬಿಡುತ್ತವೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ, ಅಲ್ವಾ?

ಸರ್ವೆ ಕೆಲಸದವರಿಗೆ ಒಂದು ಮಾತು ಒತ್ತಿ ಹೇಳಬೇಕು. ಕಿರಣವನ್ನು ದಪ್ಪ ಮಾಡಿದರೆ ಬರಿಗಣ್ಣಿಗೆ ಅದು ಇನ್ನಷ್ಟು ಸೌಮ್ಯವಾಗುತ್ತದೆ, ನಿಜ. ಆದರೆ ಆಚೆ ತುದಿಯಲ್ಲಿ ಯಾರಾದರೂ ಲೆವೆಲ್, ಟೋಟಲ್ ಸ್ಟೇಷನ್ (ದುರ್ಬೀನು ಇರುವ ಸರ್ವೆ ಉಪಕರಣಗಳು) ಅಥವಾ ಬೈನಾಕ್ಯುಲರ್‌ನಿಂದ ಲೇಸರ್ ಕಡೆ ನೋಡಿದರೆ, ಅದರ ದೊಡ್ಡ ಮಸೂರ ಆ ದಪ್ಪ ಕಿರಣವನ್ನೆಲ್ಲ ಗುಡಿಸಿ ಕಣ್ಣಿನೊಳಗೆ ಹಾಕುತ್ತದೆ. ಲೇಸರ್ ಉರಿಯುವಾಗ ದುರ್ಬೀನು ಮುಟ್ಟಬಾರದು ಅಂತ ಇಬ್ಬರೂ ಮೊದಲೇ ಮಾತಾಡಿಕೊಳ್ಳಿ.

ಕಿರಣ ನೆಲಕ್ಕೆ ಸಮವಾಗಿ ಹೋಗಿ ಒಂದು ಗೋಡೆಗೋ ಹಲಗೆಗೋ ಮುಗಿಯಬೇಕು. ಕಾಲುವೆ ದಾರಿ ಮೇಲೆ ಬೈಕು, ಟ್ರಾಕ್ಟರ್ ಬರುವ ಎತ್ತರದಲ್ಲಿ ಬಿಡಬೇಡಿ. ಆಕಾಶಕ್ಕಂತೂ ಯಾವತ್ತೂ ಬಿಡಬೇಡಿ. ತೋರಣಗಲ್ಲಿನ ಹತ್ತಿರ ವಿದ್ಯಾನಗರದಲ್ಲಿ ವಿಮಾನ ಇಳಿಯುತ್ತದೆ. ಇಳಿಯುತ್ತಿರುವ ಪೈಲಟ್ ಕಣ್ಣಿಗೆ ಲೇಸರ್ ಬಿದ್ದರೆ ಅನಾಹುತ. ಅದು ಶಿಕ್ಷೆಯಾಗುವ ತಪ್ಪು ಕೂಡ.

ಲೇಸರ್ ಯಾಕೆ ಹರಡುತ್ತದೆ

ಲೇಸರ್ ಅಂದರೆ ಹರಡದ ಬೆಳಕು ಅಂತ ಶಾಲೆಯಲ್ಲಿ ಕೇಳಿರುತ್ತೇವೆ. ಹಾಗಿಲ್ಲ. ಎಲ್ಲ ಕಿರಣವೂ ಹರಡುತ್ತದೆ. ಕಿರಣ ಸಣ್ಣಗಿದ್ದಷ್ಟೂ ಬೇಗ ಹರಡುತ್ತದೆ. ಇದೊಂದನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಕೆಲಸ ಮುಗಿದಂತೆ.

650 ನ್ಯಾನೋಮೀಟರ್‌ ಅಲೆಯುದ್ದದ (ಬೆಳಕಿನ ಬಣ್ಣ ಹೇಳುವ ಅಳತೆ) ಕೆಂಪು ಲೇಸರ್ ತೆಗೆದುಕೊಳ್ಳಿ. ಹೊರಬೀಳುವಾಗ ಕಿರಣ 1 ಮಿ.ಮೀ. ಅಗಲ ಇದೆ ಅನ್ನಿ. ಅತ್ಯುತ್ತಮ ಮಸೂರ ಇದ್ದರೂ ಅದು ಸುಮಾರು 0.83 ಮಿಲಿರೇಡಿಯನ್ ಕೋನದಲ್ಲಿ ಹರಡುತ್ತದೆ. 1 ಮಿಲಿರೇಡಿಯನ್ ಅಂದರೆ 1 ಮೀಟರ್‌ಗೆ 1 ಮಿ.ಮೀ. ಹಾಗಾಗಿ 100 ಮೀಟರ್‌ಗೆ ಚುಕ್ಕೆ 8 ಸೆಂ.ಮೀ. ಆಯಿತು, 300 ಮೀಟರ್‌ಗೆ ಊಟದ ತಟ್ಟೆಯಷ್ಟಾಯಿತು. ಅದೇ ಕಿರಣವನ್ನು ಮೊದಲೇ ಹತ್ತು ಪಟ್ಟು ದಪ್ಪ ಮಾಡಿ, 10 ಮಿ.ಮೀ. ಅಗಲದಲ್ಲಿ ಬಿಟ್ಟರೆ? 100 ಮೀಟರ್‌ಗೆ 13 ಮಿ.ಮೀ., 300 ಮೀಟರ್‌ಗೆ 27 ಮಿ.ಮೀ. ಅಷ್ಟೇ. ದಪ್ಪಗೆ ಹೊರಟದ್ದು ದೂರದಲ್ಲಿ ಸಣ್ಣಗೆ ಮುಟ್ಟುತ್ತದೆ.

ಹಾಗಂತ ದಪ್ಪ ಮಾಡುತ್ತಲೇ ಹೋದರೆ ಹೊರಡುವ ಕಿರಣವೇ ದೊಡ್ಡದಾಗಿಬಿಡುತ್ತದೆ. 300 ಮೀಟರ್‌ಗೆ ಒಳ್ಳೆಯ ಉಪಾಯ ಬೇರೆ ಇದೆ. 16 ಮಿ.ಮೀ. ಕಿರಣ ಬಿಟ್ಟು, ಅದು ನಡುದಾರಿಯಲ್ಲಿ ಅಂದರೆ 150 ಮೀಟರ್‌ನಲ್ಲಿ 11 ಮಿ.ಮೀ.ಗೆ ಕಿರಿದಾಗಿ, ಕೊನೆಗೆ ಮತ್ತೆ 16 ಆಗುವಂತೆ ಫೋಕಸ್ ಮಾಡುವುದು. ಸಾಮಾನ್ಯ ಲೇಸರ್ ಕಿರಣ ಈ ಬಣ್ಣದಲ್ಲಿ, ಇಷ್ಟು ದೂರಕ್ಕೆ ಇದಕ್ಕಿಂತ ತೆಳ್ಳಗೆ ಹೋಗಲಾರದು. ಅದು ಪ್ರಕೃತಿಯ ಲೆಕ್ಕ.

ತೊಂದರೆ ಏನೆಂದರೆ, 16 ಮಿ.ಮೀ. ಚುಕ್ಕೆಗೆ ಅಂಚೇ ಇಲ್ಲ. ನಡುವೆ ಜಾಸ್ತಿ ಬೆಳಕು, ಹೊರಗೆ ಹೋದಂತೆ ಮಂಕು. ನಾನು ನಡು ಎಂದದ್ದು ಒಂದು ಜಾಗ, ನನ್ನ ಜೊತೆಗಾರ ನಡು ಎಂದದ್ದು 3 ಮಿ.ಮೀ. ಪಕ್ಕ. ಉಂಗುರದ ಕಿರಣ ಬೇಕಾಗುವುದು ಇಲ್ಲಿ.

ಪರಾತದ ನೀರು

ಒಂದು ದುಂಡನೆಯ ಪರಾತದಲ್ಲಿ ನೀರು ತುಂಬಿ, ಅಂಚನ್ನು ಒಮ್ಮೆ ಮೆಲ್ಲಗೆ ತಟ್ಟಿ. ಅಂಚಿನ ಸುತ್ತಲಿಂದ ಅಲೆಗಳು ಹೊರಟು ಒಳಕ್ಕೆ ಓಡುತ್ತವೆ. ಎಲ್ಲವೂ ಒಟ್ಟಿಗೆ ನಡುವಿಗೆ ಮುಟ್ಟಿದಾಗ ಅಲ್ಲಿ ನೀರು ಪುಟ್ಟ ಗೋಪುರದ ಹಾಗೆ ಏಳುತ್ತದೆ. ಸುತ್ತ ಉಂಗುರಗಳು ಕಾಣುತ್ತವೆ. ಪರಾತ ಎಷ್ಟೇ ದೊಡ್ಡದಿರಲಿ, ಆ ಗೋಪುರ ಸಣ್ಣದೇ.

ಬೆಳಕಿನಲ್ಲೂ ಇದೇ ಆಟ. ಮಸೂರದ ಒಂದು ಉಂಗುರದಿಂದ ಹೊರಟ ಬೆಳಕು ಸುತ್ತಲಿಂದ ಸ್ವಲ್ಪವೇ ಒಳಕ್ಕೆ ಬಾಗಿ ಬಂದರೆ, ನಡುಗೆರೆಯ (ಕಿರಣದ ನಟ್ಟನಡುವೆ ಸಾಗುವ ಗೆರೆಯ) ಮೇಲೆ ಎಲ್ಲ ಅಲೆಗಳೂ ಹೆಜ್ಜೆ ಹಾಕಿಕೊಂಡು ಸೇರುತ್ತವೆ. ಅಲ್ಲಿ ಗಟ್ಟಿ ಚುಕ್ಕೆ, ಸುತ್ತ ಉಂಗುರಗಳು. ಹತ್ತಿರದ ನಡುಗೆರೆಗೆ ಮಸೂರದ ಹೊರ ಉಂಗುರ ಬೆಳಕು ಕಳಿಸುತ್ತದೆ, ದೂರದ್ದಕ್ಕೆ ಒಳ ಉಂಗುರ ಕಳಿಸುತ್ತದೆ. ದಾರಿಯುದ್ದಕ್ಕೂ ಯಾರೋ ಒಬ್ಬರು ಬುತ್ತಿ ಮುಟ್ಟಿಸುತ್ತಿದ್ದಾರೆ ಅನ್ನುವ ಹಾಗೆ.

ಇದರಿಂದ ಇನ್ನೊಂದು ಲಾಭವಿದೆ. ನಡುವೆ ಒಂದು ಜೋಳದ ದಂಟು ಅಡ್ಡ ಬಂದು ಚುಕ್ಕೆಯನ್ನು ಮುಚ್ಚಿದರೂ, ಸ್ವಲ್ಪ ದೂರ ಹೋದ ಮೇಲೆ ಹೊರಗಿನ ಬೆಳಕು ಬಂದು ಸೇರಿ ಚುಕ್ಕೆ ಮತ್ತೆ ಹುಟ್ಟುತ್ತದೆ. ಮೊದಲ ಸಲ ಇದನ್ನು ಹೊಲದಲ್ಲಿ ಕಂಡಾಗ ನನಗೆ ಮೈ ಜುಮ್ಮೆಂದಿತ್ತು.

ಈ ಜಾತಿಯ ಕಿರಣಕ್ಕೆ ಹಳೆಯ ಮೂಲವಿದೆ. 1818ರಲ್ಲಿ ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ಬೆಳಕು ಅಲೆ ಎಂದು ವಾದಿಸಿದಾಗ, ಗಣಿತಜ್ಞ ಪ್ವಾಸೋನ್ ಅದನ್ನು ಒಪ್ಪಲಿಲ್ಲ. ಹಾಗಿದ್ದರೆ ದುಂಡು ವಸ್ತುವಿನ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಕಾಣಬೇಕಲ್ಲ, ಅದು ಸಾಧ್ಯವೇ ಎಂದರು. ಇನ್ನೊಬ್ಬ ವಿಜ್ಞಾನಿ ಅರಾಗೋ ಪ್ರಯೋಗ ಮಾಡಿ ನೋಡಿದರು. ಚುಕ್ಕೆ ಇತ್ತು! ಆಮೇಲೆ 1987ರಲ್ಲಿ ಡರ್ನಿನ್ ಮತ್ತು ಸಂಗಡಿಗರು ಬೆಸೆಲ್ ಕಿರಣವನ್ನು (ನಡುವೆ ಬೇಗ ಹರಡದ ಚುಕ್ಕೆ, ಸುತ್ತ ಉಂಗುರಗಳಿರುವ ಕಿರಣ) ಪ್ರಯೋಗದಲ್ಲಿ ತೋರಿಸಿದರು. ಈಚೆಗೆ ಯುರೋಪಿನ ಸೆರ್ನ್ ಕಣ ಪ್ರಯೋಗಾಲಯದವರು ಚೆಕ್ ದೇಶದ ವಿಜ್ಞಾನಿಗಳ ಜೊತೆ ಸೇರಿ ಸ್ಟ್ರಕ್ಚರ್ಡ್ ಲೇಸರ್ ಬೀಮ್ ಎಂಬುದನ್ನು ಬೆಳೆಸಿದ್ದಾರೆ. ಅದರ ನಡುಚುಕ್ಕೆ 0.01 ಮಿಲಿರೇಡಿಯನ್‌ನಷ್ಟು ಕಡಿಮೆ ಹರಡಬಲ್ಲದು. ಅಂದರೆ 100 ಮೀಟರ್‌ಗೆ 1 ಮಿ.ಮೀ. ಕಣಗಳನ್ನು ಓಡಿಸುವ ಉದ್ದುದ್ದ ಯಂತ್ರಗಳನ್ನು ಸಾಲಾಗಿ ಕೂರಿಸಲು ಅವರಿಗೆ ಇದು ಬೇಕು. ನಮಗೆ ಅಷ್ಟು ಬೇಡ. ಆದರೆ ಅದೇ ತತ್ವದ ಮೇಲೆ ನಮ್ಮ ಕೈಗೆಟಕುವುದನ್ನು ಕಟ್ಟಬಹುದು.

ಸಾಮಾನು

ಕ್ಲಾಸ್ 2 ಡಯೋಡ್ ಲೇಸರ್ ಮಾಡ್ಯೂಲ್ ಒಂದು. 635 ನ್ಯಾನೋಮೀಟರ್ ಸಿಕ್ಕರೆ ಒಳ್ಳೆಯದು. ಅದು 650ಕ್ಕಿಂತ ನಮ್ಮ ಕಣ್ಣಿಗೆ ಎರಡು ಪಟ್ಟು ಬೆಳಗಿ ಕಾಣುತ್ತದೆ. 520ರ ಹಸಿರು ಡಯೋಡ್ ಇನ್ನೂ ಬೆಳಗು, ಹರಡುವುದೂ ಕಡಿಮೆ. 20 ಮಿ.ಮೀ. ಫೋಕಲ್ ದೂರದ (ಮಸೂರದಿಂದ ಬೆಳಕು ಒಂದೆಡೆ ಕೂಡುವ ಜಾಗಕ್ಕಿರುವ ದೂರ) ಚಿಕ್ಕ ಉಬ್ಬು ಮಸೂರ ಒಂದು. 50 ಮಿ.ಮೀ. ಅಗಲ, 500 ಮಿ.ಮೀ. ಫೋಕಲ್ ದೂರದ ದೊಡ್ಡ ಮಸೂರ ಒಂದು. ಈ ದೊಡ್ಡದು ಒಂದು ಬದಿ ಚಪ್ಪಟೆ, ಒಂದು ಬದಿ ಉಬ್ಬು ಇರುವುದೇ ಆಗಬೇಕು. ಅದೇ ಇಲ್ಲಿನ ಗುಟ್ಟು.

ಇವನ್ನೆಲ್ಲ ಕೂರಿಸುವ ಕೊಳವೆಗೆ ಹೊಲದ ನೀರಿನ 63 ಮಿ.ಮೀ. ಪಿವಿಸಿ ಪೈಪ್ ಸಾಕು. ಒಂದು ಮೀಟರ್‌ಗಿಂತ ಕಡಿಮೆ ತುಂಡು ಬೇಕು, ಎಲ್ಲಾ ರೈತರ ಮನೆ ಹಿಂದೆ ಬಿದ್ದಿರುತ್ತದೆ. ಇದರ ಜೊತೆಗೆ 20 ಮಿ.ಮೀ. ಬೇರಿಂಗ್ ಗುಂಡು ಒಂದು. ಗಂಗಾವತಿಯಲ್ಲಿ ಟ್ರಾಕ್ಟರ್, ಭತ್ತ ಕೊಯ್ಯುವ ಯಂತ್ರ ರಿಪೇರಿ ಮಾಡುವ ಅಂಗಡಿಗಳಲ್ಲಿ ಕೇಳಿ. ಹಳೆಯದಾದರೂ ಪರವಾಗಿಲ್ಲ. ಆದರೆ ಗೀರು, ತುಕ್ಕು ಇರಬಾರದು. ಉಳಿದದ್ದು ಮೀನಿನ ಗಾಳದ ದಾರ, ಕಪ್ಪು ಕಾಗದ, ಬಟರ್ ಪೇಪರ್, ಸೈಕಲ್ ಹಿಂದಿನ ಕೆಂಪು ರಿಫ್ಲೆಕ್ಟರ್, ಗಟ್ಟಿ ಸ್ಟ್ಯಾಂಡ್.

ಹಂತ 1: ಕೊಳವೆ ಕಟ್ಟುವುದು

ಪೈಪಿನ ಒಳಗೋಡೆಗೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿ. ಹಿಂದೆ ಲೇಸರ್, ಅದರ ಮುಂದೆ 20ರ ಮಸೂರ, ಅಲ್ಲಿಂದ ಸುಮಾರು 520 ಮಿ.ಮೀ. ಮುಂದೆ 500ರ ಮಸೂರ. ಚಿಕ್ಕ ಮಸೂರ ಮತ್ತು ಲೇಸರ್ ಎರಡೂ ಒಂದೇ ಸಣ್ಣ ಪೈಪ್ ತುಂಡಿನಲ್ಲಿರಲಿ. ಆ ತುಂಡು ದೊಡ್ಡ ಪೈಪಿನೊಳಗೆ ಹಿಂದೆ ಮುಂದೆ ಸರಿಯುವಂತಿರಲಿ. ಮೂರು ಸ್ಕ್ರೂ ಹಾಕಿ ಪಕ್ಕಕ್ಕೂ ಹೊಂದಿಸುವಂತೆ ಮಾಡಿ.

ಲೇಸರ್ ಕಿರಣ 3 ಮಿ.ಮೀ. ಅಗಲ ಇದ್ದರೆ, ಈ ಜೋಡಿ ಅದನ್ನು 25 ಪಟ್ಟು ಹಿಗ್ಗಿಸುತ್ತದೆ. 75 ಮಿ.ಮೀ. ಆಯಿತು. ಮಸೂರ 50 ಮಾತ್ರ. ಹೊರಗಿನದು ವ್ಯರ್ಥ, ನೂರರಲ್ಲಿ ಸುಮಾರು 60 ಪಾಲು ಬೆಳಕು ಮಾತ್ರ ಹೊರಬರುತ್ತದೆ. ಬೇಜಾರು ಬೇಡ. ಮಸೂರದ ಅಂಚಿನವರೆಗೂ ಬೆಳಕು ತುಂಬಿದರೆ ಮಾತ್ರ ಉಂಗುರಗಳು ಚೆನ್ನಾಗಿ ಬರುತ್ತವೆ.

ಪಿವಿಸಿ ಬಿಸಿಲಿಗೆ ಬಾಗುತ್ತದೆ. ಮೇಲುಗಡೆ ಕಾದು, ಕೆಳಗಡೆ ತಂಪಿದ್ದರೆ ಬಾಳೆಕಾಯಿ ಹಾಗೆ ಬಾಗಿ ಕಿರಣವನ್ನೇ ತಿರುಗಿಸುತ್ತದೆ. ಥರ್ಮೋಕೋಲ್ ಸುತ್ತಿ, ಮೇಲೆ ಬಿಳಿ ಬಟ್ಟೆ ಹೊದಿಸಿ, ನೆರಳಿನಲ್ಲಿಡಿ.

ಹಂತ 2: ನಡುಕಿರಣವನ್ನು ನೇರ ಮಾಡುವುದು

ಈ ಹಂತವನ್ನು ಮನೆಯ ಹಿಂದಿನ ಓಣಿಯಲ್ಲೇ ಕತ್ತಲಾದ ಮೇಲೆ ಮಾಡಬಹುದು. ದೊಡ್ಡ ಮಸೂರದ ಮುಂದೆ ಕಪ್ಪು ಕಾಗದ ಹಿಡಿದು, ಅದರ ನಡುವೆ 15 ಮಿ.ಮೀ. ತೂತು ಮಾಡಿ. ಈಗ ಮಸೂರದ ನಡುಭಾಗ ಮಾತ್ರ ಕೆಲಸ ಮಾಡುತ್ತದೆ. 5 ಮೀಟರ್‌ನಲ್ಲಿ ಚುಕ್ಕೆಯ ಅಗಲ ಅಳೆಯಿರಿ. ಆಮೇಲೆ 50 ಮೀಟರ್‌ನಲ್ಲಿ ಅಳೆಯಿರಿ. ದೂರದಲ್ಲಿ ಬಹಳ ಹಿಗ್ಗಿದ್ದರೆ ಚಿಕ್ಕ ಮಸೂರವನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ. ಕುಗ್ಗಿದ್ದರೆ ಮುಂದಕ್ಕೆ ಸರಿಸಿ. ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಅಗಲ ಬರುವವರೆಗೆ ಬಿಡಬೇಡಿ. ಗಡಿಬಿಡಿ ಮಾಡಿದರೆ ಮುಂದಿನದೆಲ್ಲ ಕೆಡುತ್ತದೆ. ನನಗೆ ಇದಕ್ಕೊಂದೇ ಎರಡು ಸಂಜೆ ಹಿಡಿದಿತ್ತು.

ಹಂತ 3: ಉಂಗುರ ಹುಟ್ಟಿಸುವುದು

ಇದಕ್ಕೆ ಎರಡು ದಾರಿ.

ಮೊದಲ ದಾರಿ, ಮಸೂರ ತಿರುಗಿಸುವುದು. ಒಳ್ಳೆಯ ದುರ್ಬೀನಿನಲ್ಲಿ ಈ ಮಸೂರದ ಉಬ್ಬು ಬದಿ ಹೊರಗಿರುತ್ತದೆ. ನಾವು ಬೇಕೆಂದೇ ಚಪ್ಪಟೆ ಬದಿಯನ್ನು ಹೊರಗೆ ಹಾಕುತ್ತೇವೆ. ಆಗ ಸ್ಫೆರಿಕಲ್ ಅಬರೇಶನ್ ಎಂಬ ದೋಷ ಸುಮಾರು ನಾಲ್ಕು ಪಟ್ಟು ಜಾಸ್ತಿಯಾಗುತ್ತದೆ. ಅಂದರೆ ಅಂಚಿನ ಬೆಳಕು ನಡುವಿನ ಬೆಳಕಿಗಿಂತ ಹೆಚ್ಚು ಒಳಕ್ಕೆ ಬಾಗುತ್ತದೆ. ಫೋಟೋಗ್ರಾಫರ್‌ಗೆ ಅದು ಶತ್ರು, ನಮಗೆ ನೆಂಟ. ಬೇರೆ ಬೇರೆ ಉಂಗುರದ ಬೆಳಕು ಬೇರೆ ಬೇರೆ ದೂರದಲ್ಲಿ ನಡುಗೆರೆ ಮುಟ್ಟುವುದೇ ನಮಗೆ ಬೇಕಿತ್ತಲ್ಲ!

ಹಂತ 2ನ್ನು ಈ ತಿರುಗಿಸಿದ ಮಸೂರದಲ್ಲೇ ಮಾಡಿ, ಆಮೇಲೆ ತೂತಿನ ಕಾಗದ ತೆಗೆಯಿರಿ. ನಮ್ಮ ಅಳತೆಯ ಮಸೂರದಲ್ಲಿ ಅಂಚಿನ ಬೆಳಕು ಸುಮಾರು 45 ಮೀಟರ್‌ಗೆ ನಡುಗೆರೆ ಮುಟ್ಟುತ್ತದೆ. ಅದಕ್ಕಿಂತ ಹತ್ತಿರದಲ್ಲಿ ಒಳ್ಳೆಯ ಚುಕ್ಕೆ ಹುಡುಕಬೇಡಿ. ಅಲ್ಲಿಂದಾಚೆ ನಡುಚುಕ್ಕೆ ಎದ್ದು ಕಾಣುತ್ತದೆ. ಲೆಕ್ಕದ ಪ್ರಕಾರ 100 ಮೀಟರ್‌ನಲ್ಲಿ ಅದರ ಅಗಲ ಸುಮಾರು 3 ಮಿ.ಮೀ., 200ರಲ್ಲಿ ಸುಮಾರು 8 ಮಿ.ಮೀ. ಅದರಾಚೆ ಉಂಗುರಗಳು ಮಸುಕಾಗುತ್ತಾ ಹೋಗುತ್ತವೆ.

ಎರಡನೇ ದಾರಿ, ಗುಂಡು. ಇದು ಅರಾಗೋ ಅವರ ಪ್ರಯೋಗವೇ. ಮಸೂರವನ್ನು ಸರಿಯಾದ ದಿಕ್ಕಿಗೆ, ಉಬ್ಬು ಹೊರಗೆ ಬರುವಂತೆ ಹಾಕಿ, ಹಂತ 2 ಮತ್ತೆ ಮಾಡಿ. ಮಸೂರದ ಮುಂದೆ ಎರಡು ಗಾಳದ ದಾರವನ್ನು ಅಡ್ಡ ಉದ್ದ ಬಿಗಿದು, ಅವು ಕೂಡುವ ಜಾಗಕ್ಕೆ 20 ಮಿ.ಮೀ. ಗುಂಡನ್ನು ಅಂಟಿಸಿ. ಗುಂಡಿನ ನೆರಳಿನ ನಡುವೆ ಚುಕ್ಕೆ ಹುಟ್ಟುತ್ತದೆ. 100 ಮೀಟರ್‌ಗೆ 5 ಮಿ.ಮೀ., 200ಕ್ಕೆ 10, 300ಕ್ಕೆ 15. ದಾರಗಳು ತೆಳ್ಳನೆಯ ಅಡ್ಡಗೆರೆ ಮೂಡಿಸುತ್ತವೆ. ಅದು ನಡು ಹುಡುಕಲು ಇನ್ನಷ್ಟು ಸಹಾಯ. ಗುಂಡಿನ ಮೇಲೆ ಎಣ್ಣೆ, ಧೂಳು ಇರಬಾರದು. ಅಂಚು ಒರಟಾದರೆ ಅಲೆಗಳ ಹೆಜ್ಜೆ ತಪ್ಪಿ ಚುಕ್ಕೆ ಮಾಯವಾಗುತ್ತದೆ.

200 ಮೀಟರ್ ಒಳಗೆ ನಾನು ಮಸೂರದ ದಾರಿ ಹಿಡಿಯುತ್ತೇನೆ. ಅದರಾಚೆ ಗುಂಡು. ಯಾವುದೇ ದಾರಿಯಾದರೂ ಗಾತ್ರದಲ್ಲಿ ದೊಡ್ಡ ಪವಾಡ ನಿರೀಕ್ಷಿಸಬೇಡಿ. 300 ಮೀಟರ್‌ಗೆ ಸಾಮಾನ್ಯ ಕಿರಣ 16 ಮಿ.ಮೀ. ಇತ್ತು, ಇದು 15. ಆದರೆ ಸುತ್ತ ಉಂಗುರಗಳಿವೆ, ಚುಕ್ಕೆ ಮತ್ತು ಉಂಗುರದ ನಡುವೆ ಕಪ್ಪು ಗೆರೆ ಇದೆ. ನಡು ಎಲ್ಲಿ ಅಂತ ಕಣ್ಣು ತಕ್ಷಣ ಹೇಳುತ್ತದೆ. ಹತ್ತು ಜನ ನೋಡಿದರೂ ಒಂದೇ ಜಾಗ ತೋರಿಸುತ್ತಾರೆ.

ಒಂದು ಕಾಟ ಇದೆ. ಕೆಲವು ದೂರಗಳಲ್ಲಿ ನಡುಚುಕ್ಕೆ ಇದ್ದಕ್ಕಿದ್ದಂತೆ ಮಂಕಾಗಿಬಿಡುತ್ತದೆ. ಹತ್ತು ಹೆಜ್ಜೆ ಮುಂದೆ ಹೋದರೆ ಮತ್ತೆ ಬೆಳಗುತ್ತದೆ. ಕೆಟ್ಟುಹೋಯಿತು ಅಂತ ಬಿಚ್ಚಬೇಡಿ. ಮಸೂರದ ಹೊರ ಅಂಚು ಚೂರಿಯಿಂದ ಕತ್ತರಿಸಿದ ಹಾಗೆ ಬೆಳಕನ್ನು ನಿಲ್ಲಿಸುತ್ತದಲ್ಲ, ಆ ಅಂಚಿನಿಂದ ಬಂದ ಅಲೆ ನಡುವಿನ ಅಲೆಯನ್ನು ಅಳಿಸುತ್ತಿದೆ. ಮದ್ದು ಬಹಳ ಸರಳ. ಕಪ್ಪು ಕಾಗದದಲ್ಲಿ 50 ಮಿ.ಮೀ. ಉಂಗುರ ಕತ್ತರಿಸಿ. ಅದರ ಒಳ ಅಂಚಿಗೆ ಗರಗಸದ ಹಲ್ಲಿನ ಹಾಗೆ 4–5 ಮಿ.ಮೀ. ಉದ್ದದ ಹಲ್ಲು ಕೊರೆದು ಮಸೂರದ ಮುಂದೆ ಹಾಕಿ. ಹಬ್ಬಕ್ಕೆ ಬಣ್ಣದ ಕಾಗದದ ತೋರಣ ಕತ್ತರಿಸುತ್ತೇವಲ್ಲ, ಹಾಗೆ. ಅಂಚು ನುಣುಪು ಕಳೆದುಕೊಂಡರೆ ಆ ಕಾಟದ ಅಲೆ ಚೆದುರಿಹೋಗುತ್ತದೆ.

ಉಂಗುರ ನೋಡಿಯೇ ಕೊಳವೆಯ ಆರೋಗ್ಯ ಹೇಳಬಹುದು. ದುಂಡಗೆ, ಒಂದರೊಳಗೊಂದು ಸಮವಾಗಿದ್ದರೆ ಎಲ್ಲ ಸರಿ. ಒಂದು ಬದಿ ದಪ್ಪಗಾಗಿ ಧೂಮಕೇತುವಿನ ಬಾಲದ ಹಾಗೆ ಎಳೆದಿದ್ದರೆ ಮಸೂರ ಪಕ್ಕಕ್ಕೆ ಸರಿದಿದೆ ಅಥವಾ ಓರೆಯಾಗಿದೆ. ಪಕ್ಕದ ಸ್ಕ್ರೂ ತಿರುಗಿಸಿ. ಉಂಗುರ ದುಂಡಗಿದ್ದು, ಬೆಳಕು ಮಾತ್ರ ಎರಡು ಬದಿಗೆ ಜಾಸ್ತಿ ಇದ್ದರೆ ಚಿಂತೆ ಬೇಡ. ಡಯೋಡ್ ಲೇಸರ್ ಹುಟ್ಟಿನಿಂದಲೇ ಮೊಟ್ಟೆಯಾಕಾರ.

ಹಂತ 4: ಪರದೆ

ನಡುಚುಕ್ಕೆಗೆ ಸಿಗುವ ಬೆಳಕು ಕಡಿಮೆ. ಉಂಗುರಗಳೂ ಪಾಲು ಕೇಳುತ್ತವೆ. ಬೆಸೆಲ್ ಕಿರಣದಲ್ಲಂತೂ ಪ್ರತಿ ಉಂಗುರಕ್ಕೂ ನಡುಚುಕ್ಕೆಯಷ್ಟೇ ಪಾಲು. ಹಾಗಾಗಿ ಹಗಲಿನಲ್ಲಿ ಬಿಳಿ ಹಲಗೆ ಹಿಡಿದರೆ ಏನೂ ಕಾಣುವುದಿಲ್ಲ. ಒಂದು ರಟ್ಟಿನ ಡಬ್ಬಿಯ ಒಳಗೆ ಕಪ್ಪು ಬಳಿದು, ಮುಂದೆ ತೆರೆದು, ಹಿಂದಿನ ಗೋಡೆಯಲ್ಲಿ ಬಟರ್ ಪೇಪರ್ ಕಿಟಕಿ ಮಾಡಿ. ಅದರ ಮೇಲೆ ಕಂಪಾಸಿನಿಂದ 5 ಮಿ.ಮೀ.ಗೊಂದು ವೃತ್ತ ಬರೆಯಿರಿ. ಹಿಂದಿನಿಂದ ಮೊಬೈಲ್ ಕ್ಯಾಮೆರಾ ಇಟ್ಟು ಫೋಟೋ ತೆಗೆಯಿರಿ. ಬಟರ್ ಪೇಪರ್ ಬೆಳಕನ್ನು ಚೆದುರಿಸುವುದರಿಂದ ಕಣ್ಣಿಗೂ ಸುರಕ್ಷಿತ.

300 ಮೀಟರ್ ದೂರದಲ್ಲಿ ಡಬ್ಬಿಗೆ ಕಿರಣ ಹೊಂದಿಸುವುದೇ ಹೊಸಬರಿಗೆ ದೊಡ್ಡ ಕಷ್ಟ. ಡಬ್ಬಿಯ ಪಕ್ಕ ಸೈಕಲ್ ರಿಫ್ಲೆಕ್ಟರ್ ಕಟ್ಟಿ. ಅದು ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಕೊಳವೆಯ ಹಿಂದೆ ನಿಂತು ಕಿರಣವನ್ನು ಮೆಲ್ಲಗೆ ತಿರುಗಿಸುತ್ತಾ ಬನ್ನಿ. ಕಿರಣ ರಿಫ್ಲೆಕ್ಟರ್ ಮುಟ್ಟಿದ ಕ್ಷಣ ಅದು ಕೆಂಡದ ಹಾಗೆ ಹೊಳೆಯುತ್ತದೆ. ಹೊಂದಿದ ಮೇಲೆ ಅದನ್ನು ಮುಚ್ಚಿಬಿಡಿ. ಹಸಿರು ಲೇಸರ್ ಆದರೆ ಬಿಳಿ ರಿಫ್ಲೆಕ್ಟರ್ ಬೇಕು, ಕೆಂಪು ಪ್ಲಾಸ್ಟಿಕ್ ಹಸಿರನ್ನು ನುಂಗುತ್ತದೆ.

ಹಂತ 5: ಕೊಳವೆ ಉರುಳಿಸಿ ನೋಡುವುದು

ಕಿರಣ ಕೊಳವೆಯ ನಡುಗೆರೆಯಲ್ಲೇ ಹೊರಡುತ್ತಿದೆಯಾ? ಎರಡು ವಿ ಆಕಾರದ ಕಟ್ಟಿಗೆ ಮೇಲೆ ಕೊಳವೆ ಮಲಗಿಸಿ, ಜಾಗ ಬಿಡದಂತೆ ಅರ್ಧ ಸುತ್ತು ಉರುಳಿಸಿ. ದೂರದ ಚುಕ್ಕೆ ಕದಲದಿದ್ದರೆ ಸರಿ. ಕದಲಿದರೆ ಎರಡು ಗುರುತಿನ ನಟ್ಟನಡುವೆಯೇ ನಿಜವಾದ ದಿಕ್ಕು. ಪ್ರತಿ ಅಳತೆಗೂ ಹೀಗೆ ಎರಡು ಸಲ ನೋಡಿ ಸರಾಸರಿ ಹಿಡಿಯಿರಿ.

ಹಂತ 6: ಗಾಳಿ

ಈಗ ಎರಡನೇ ಪ್ರಶ್ನೆ. ಇದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿನಲ್ಲಿ ಗಾಳಿಯೇ ಎಲ್ಲಕ್ಕಿಂತ ದೊಡ್ಡ ಮಸೂರ.

ಬಿಸಿ ಗಾಳಿ ತೆಳು, ತಂಪು ಗಾಳಿ ದಟ್ಟ. ಬೆಳಕು ಯಾವಾಗಲೂ ದಟ್ಟ ಗಾಳಿಯ ಕಡೆ ಬಾಗುತ್ತದೆ. ಮಧ್ಯಾಹ್ನ ಎರೆ ನೆಲ ಕಾದ ಹೆಂಚಾಗಿರುತ್ತದೆ. ನೆಲದ ಹತ್ತಿರ ಬಿಸಿ, ಮೇಲೆ ತಂಪು. ಹಾಗಾಗಿ ಕಿರಣ ಮೇಲಕ್ಕೆ ಬಾಗುತ್ತದೆ. ಡಾಂಬರು ರಸ್ತೆ ಮೇಲೆ ದೂರದಲ್ಲಿ ನೀರು ನಿಂತ ಹಾಗೆ ಕಾಣುವುದೂ ಇದರಿಂದಲೇ.

ಎಷ್ಟು ಬಾಗುತ್ತದೆ? ಒಂದು ಡಿಗ್ರಿ ಬಿಸಿ ಏರಿದರೆ ಗಾಳಿಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಹತ್ತು ಲಕ್ಷದಲ್ಲಿ ಸುಮಾರು ಒಂದು ಭಾಗ ಇಳಿಯುತ್ತದೆ. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ ಕಿರಣದ ದಾರಿಯುದ್ದಕ್ಕೂ ಒಂದು ಮೀಟರ್ ಎತ್ತರಕ್ಕೆ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ, 100 ಮೀಟರ್‌ಗೆ ಕಿರಣ 5 ಮಿ.ಮೀ. ಮೇಲೇರುತ್ತದೆ. 300 ಮೀಟರ್‌ಗೆ 45 ಮಿ.ಮೀ. ದೂರ ಮೂರು ಪಟ್ಟಾದರೆ ತಪ್ಪು ಒಂಬತ್ತು ಪಟ್ಟು. ನನ್ನ ಆ ಎರಡೂವರೆ ಬೆರಳು ಬಂದದ್ದು ಇಲ್ಲಿಂದ. ಉಂಗುರದ ಕಿರಣ ಇದನ್ನು ತಡೆಯುವುದಿಲ್ಲ. ಚುಕ್ಕೆ, ಉಂಗುರ ಎಲ್ಲವೂ ಒಟ್ಟಿಗೇ ಬಾಗುತ್ತವೆ, ಚೆಂದವಾಗಿಯೇ ಕಾಣುತ್ತಿರುತ್ತವೆ.

ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದವರು ಸುಮಾರು 3 ಕಿ.ಮೀ. ಉದ್ದದ ಯಂತ್ರವನ್ನು ಲೇಸರ್‌ನಿಂದ ನೇರ ಮಾಡಿದಾಗ, ಕಿರಣವನ್ನು ಗಾಳಿ ತೆಗೆದ ಪೈಪಿನೊಳಗೆ ಹಾಯಿಸಿದರು. ಅದು ಖಚಿತ ಮದ್ದು. ಹೊಲದಲ್ಲಿ ಹಾಗೆ ಮಾಡಲಾಗುವುದಿಲ್ಲ. ನಮ್ಮ ಕೈಯಲ್ಲಿರುವುದು ಹೊತ್ತು, ಎತ್ತರ ಮತ್ತು ಜಾಗದ ಆಯ್ಕೆ.

ಹೊತ್ತು: ಸೂರ್ಯ ಹುಟ್ಟಿ ಸುಮಾರು ಒಂದು ಗಂಟೆ ಆದ ಮೇಲೆ, ಮತ್ತು ಮುಳುಗುವ ಒಂದು ಗಂಟೆ ಮುಂಚೆ. ರಾತ್ರಿ ನೆಲ ತಂಪಾಗಿ, ಮೇಲೆ ಬಿಸಿ ಇರುತ್ತದೆ. ಹಗಲು ಉಲ್ಟಾ. ಒಂದರಿಂದ ಇನ್ನೊಂದಕ್ಕೆ ತಿರುಗುವಾಗ ಸ್ವಲ್ಪ ಹೊತ್ತು ಎರಡೂ ಸಮವಾಗುತ್ತವೆ. ಆಗ ಚುಕ್ಕೆ ಅಲುಗಾಡದೆ ನಿಲ್ಲುತ್ತದೆ. ನೋಡಿದರೆ ಗೊತ್ತಾಗುತ್ತದೆ. ನಡುರಾತ್ರಿ ಒಳ್ಳೆಯದು ಅಂತ ಹಲವರು ತಿಳಿದಿದ್ದಾರೆ. ಚುಕ್ಕೆ ಆಗ ಶಾಂತವಾಗಿ ಕಂಡರೂ ಕಿರಣ ಕೆಳಕ್ಕೆ ಬಾಗಿರುತ್ತದೆ.

ಇವೆಲ್ಲಕ್ಕಿಂತ ಒಳ್ಳೆಯದು ಜುಲೈನ ಮೋಡ ಕವಿದ, ಗಾಳಿ ಬೀಸುವ ದಿನ. ನಮ್ಮ ಕಡೆ ಮಳೆ ಕಡಿಮೆ, ಗಾಳಿ ಜಾಸ್ತಿ. ಮೋಡ ನೆಲವನ್ನು ಕಾಯಲು ಬಿಡುವುದಿಲ್ಲ, ಗಾಳಿ ಎಲ್ಲವನ್ನೂ ಕಲಸಿ ಸಮ ಮಾಡುತ್ತದೆ. ಅಂಥ ದಿನ ಇಡೀ ಹಗಲು ಕೆಲಸ ಮಾಡಬಹುದು. ಸ್ಟ್ಯಾಂಡಿಗೆ ಮರಳಿನ ಚೀಲ ಕಟ್ಟಿದರೆ ಸಾಕು.

ಎತ್ತರ: ನೆಲಕ್ಕೆ ಹತ್ತಿರ ಬಂದಷ್ಟೂ ತೊಂದರೆ. ಕಿರಣವನ್ನು ಎರಡು ಮೀಟರ್ ಎತ್ತರಕ್ಕೆ ಏರಿಸಿ. ನಡೆದು ಹೋಗುವವರ ಕಣ್ಣಿನ ಮಟ್ಟಕ್ಕೆ ಸಿಗುವುದಿಲ್ಲ ಎಂಬುದು ಇನ್ನೊಂದು ಲಾಭ.

ಜಾಗ: ಉತ್ತ ಬರಿ ಎರೆ ನೆಲ ಎಲ್ಲಕ್ಕಿಂತ ಕೆಟ್ಟದ್ದು. ನೀರು ನಿಂತ ಭತ್ತದ ಗದ್ದೆ ಎಷ್ಟೋ ವಾಸಿ. ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೆ ಅಳೆಯುವವರು ಕಾಂಕ್ರೀಟ್ ಲೈನಿಂಗ್‌ಗೆ ಅಂಟಿಕೊಂಡು ಕಿರಣ ಬಿಡಬೇಡಿ. ಬಿಸಿಲು ತಿಂದ ಗೋಡೆಯ ಪಕ್ಕದಲ್ಲಿ ಕಿರಣ ಗೋಡೆಯಿಂದ ದೂರಕ್ಕೆ ಬಾಗುತ್ತದೆ. ಈ ಅಡ್ಡ ತಪ್ಪು ಹಿಡಿಯುವುದು ಕಷ್ಟ, ಯಾಕೆಂದರೆ ಎಲ್ಲರೂ ಮೇಲೆ ಕೆಳಗೆ ಮಾತ್ರ ಅನುಮಾನಪಡುತ್ತಾರೆ.

ಚುಕ್ಕೆ ನಡುಗುತ್ತಿದ್ದರೆ ಒಂದೇ ಫೋಟೋ ನಂಬಬೇಡಿ. ಮೂವತ್ತು ಫೋಟೋ ತೆಗೆದು ಸರಾಸರಿ ಹಿಡಿಯಿರಿ, ಇಲ್ಲವೇ ಎರಡು ಸೆಕೆಂಡ್ ಎಕ್ಸ್‌ಪೋಷರ್ ಕೊಡಿ. ನಡುಕ ಹೀಗೆ ಹೋಗುತ್ತದೆ. ಬಾಗು ಹೋಗುವುದಿಲ್ಲ.

ಹಂತ 7: ಹೊಲದಲ್ಲಿ ಗೆರೆ ಹಾಕುವುದು

ಎರಡೂ ತುದಿಗೆ ಮೊದಲೇ ಗೊತ್ತಿರುವ ಗುರುತು ಇಟ್ಟುಕೊಳ್ಳಿ. ಕಿರಣ ಈ ತುದಿಯ ಗುರುತಿನಿಂದ ಹೊರಟು ಆ ತುದಿಯ ಗುರುತಿಗೆ ಮುಟ್ಟುವಂತೆ ಹೊಂದಿಸಿ. ಆಮೇಲೆ ನಡುವಿನ ಕಂಬಗಳನ್ನು ಗುರುತಿಸಿ. ಎರಡು ತುದಿ ಕಟ್ಟಿದ ಕಿರಣ ಬಾಗಿದರೂ, ಅತಿ ಹೆಚ್ಚು ತಪ್ಪು ನಟ್ಟನಡುವೆ ಬರುತ್ತದೆ. ಅದೂ ಕಾಲು ಪಾಲು ಮಾತ್ರ. ಮೇಲಿನ ಲೆಕ್ಕದಲ್ಲಿ 45 ಮಿ.ಮೀ. ಇದ್ದದ್ದು 11 ಮಿ.ಮೀ.ಗೆ ಇಳಿಯಿತು. ಒಂದು ಪೈಸೆ ಖರ್ಚಿಲ್ಲ.

ಎರಡು ತುದಿಯ ಮಟ್ಟ ಹೋಲಿಸುವುದಾದರೆ ಲೇಸರನ್ನು ನಟ್ಟನಡುವೆ ಇಟ್ಟು ಎರಡೂ ಕಡೆ ಸಮ ದೂರಕ್ಕೆ ನೋಡಿ. ನೆಲ ಎರಡೂ ಬದಿ ಒಂದೇ ತರಹ ಇದ್ದರೆ ಎರಡೂ ಕಡೆ ಒಂದೇ ತಪ್ಪು ಬಂದು ಕಳೆದುಹೋಗುತ್ತದೆ. ಲೆವೆಲ್ ಹಿಡಿಯುವ ಹಳಬರು ಮುಂದಿನ ದೂರ, ಹಿಂದಿನ ದೂರ ಸಮ ಇರಲಿ ಅನ್ನುವುದು ಇದಕ್ಕೇ. ಭೂಮಿಯ ದುಂಡು ಕೂಡ ಹೀಗೆಯೇ ಕಳೆಯುತ್ತದೆ. ಅದನ್ನು ಮರೆಯುವವರು ಜಾಸ್ತಿ. ಲೇಸರ್ ನೇರ ಹೋಗುತ್ತದೆ, ನೀರಿನ ಮಟ್ಟ ಭೂಮಿಯ ಜೊತೆ ಬಾಗುತ್ತದೆ. 300 ಮೀಟರ್‌ಗೆ ಆ ವ್ಯತ್ಯಾಸ 7 ಮಿ.ಮೀ., ಒಂದು ಕಿಲೋಮೀಟರ್‌ಗೆ 78 ಮಿ.ಮೀ. ಕಾಲುವೆ ಕೆಲಸದಲ್ಲಿ ಇದು ಸಣ್ಣ ಮಾತಲ್ಲ.

ಪ್ರತಿ ಅರ್ಧ ಗಂಟೆಗೊಮ್ಮೆ ಆಚೆ ತುದಿಯ ಗುರುತಿಗೆ ಮರಳಿ ಬನ್ನಿ. ಚುಕ್ಕೆ 5 ಮಿ.ಮೀ.ಗಿಂತ ಜಾಸ್ತಿ ಸರಿದಿದ್ದರೆ ಆ ಅರ್ಧ ಗಂಟೆಯ ಕೆಲಸ ಮತ್ತೆ ಮಾಡಿ. ಹೊತ್ತು, ಮೋಡ, ಗಾಳಿ, ಕಿರಣದ ಎತ್ತರ, ಚುಕ್ಕೆ ಸರಿದ ದಿಕ್ಕು, ಇವನ್ನು ಪುಸ್ತಕದಲ್ಲಿ ಬರೆದಿಡಿ. ಬೇಸಿಗೆಯಲ್ಲಿ ನನ್ನ ಪುಸ್ತಕದ ಸಾಲುಗಳು ಬೆಳಿಗ್ಗೆ ಎಂಟೂವರೆಗೆ ನಿಲ್ಲುತ್ತವೆ. ಅಷ್ಟೊತ್ತಿಗೆ ಚುಕ್ಕೆ ಮೇಲೇರಲು ಶುರು ಮಾಡಿರುತ್ತದೆ. ಕೊಳವೆಗೆ ಮುಚ್ಚಳ ಹಾಕಿ, ಮಸೂರದ ಮೇಲಿನ ಧೂಳನ್ನು ಬಟ್ಟೆಯಿಂದ ಉಜ್ಜದೆ ಗಾಳಿ ಊದಿ ತೆಗೆದು, ಸಂಜೆ ಐದರವರೆಗೆ ನೆರಳಿನಲ್ಲಿಡುತ್ತೇನೆ.